ಬಾಗಿಲಾಚೆಯ ಬೂಟು

ಬಲಗಾಲಿನ ಬೂಟು ಅರ್ಧಕ್ಕೇ ನಿಂತಿತು. ಚರ್ಚಿನ ಪರಿಚಯದ ನೊರ್ಬರ್ಟ್ ಹಿಮ್ಮಡಿಯ ಹಿಂದೆ ಚಮಚ ಇಟ್ಟು ಒತ್ತಿದರೂ ಒಳಗೆ ಹೋಗಲಿಲ್ಲ.

"ಆಗುದಿಲ್ಲ ಆಲಿವ್ ಬಾಯಿ," ಎಂದು ಅವನು ಬೆವರು ಒರೆಸಿಕೊಂಡ. "ಬೆರಳೆಲ್ಲ ಒಂದರ ಮೇಲೆ ಒಂದು ಕೂತಿದೆ. ಸ್ಟೋರಿನಲ್ಲಿ ಕೂರುವವರ ಕಾಲು ಹೀಗಾಗುದು ಹೇಗೆ ಮಾರಾಯ್ರೆ?"

ಆಲಿವ್ ನರ್ಸ್ ಆಗಿದ್ದ ಆಸ್ಪತ್ರೆಯದೇ ಶವಾಗಾರದಲ್ಲಿ ಗಂಡ ಬರ್ನಾರ್ಡ್ ಮದುವೆಯ ಸೂಟು ತೊಟ್ಟು, ಕೈಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದ. ಮದುವೆಯ ಸೂಟು ಬೂಟುಗಳನ್ನು ಜೋಪಾನವಾಗಿಟ್ಟು, ಕೊನೆಗೆ ಅವುಗಳಲ್ಲೇ ಕಳಿಸಿಕೊಡುವುದು ಅವರ ಮನೆತನದ ಕ್ರಮ. ಸೂಟು ಹಿಡಿಸಿತು. ಬೂಟು ಮಾತ್ರ ಹಟ ಹಿಡಿಯಿತು.

ಮೊನ್ನೆ ಬೇಕರಿಯ ಸಾಲಿನಲ್ಲಿ ರೊಟ್ಟಿಗೆ ಕಾಯುತ್ತಿದ್ದವನು ಎದೆ ಹಿಡಿದುಕೊಂಡು ನಿಂತಲ್ಲೇ ಕುಸಿದಿದ್ದ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಎರಡು ತಿಂಗಳಾಗುತ್ತ ಬಂದಿತ್ತು. ವಿಮಾನವಿಲ್ಲ, ಹೆಣವನ್ನು ಮಂಗಳೂರಿಗೆ ಕಳಿಸುವ ಮಾತೇ ಇಲ್ಲ. ಊರಿನವರಲ್ಲಿ ಹೆಚ್ಚಿನವರು ಬಸ್ಸು ಹತ್ತಿ ಅಮ್ಮಾನ್ ದಾರಿ ಹಿಡಿದಾಗಿತ್ತು.

ಮಗಳು ಡೆಲ್ಮಾ ಚೀಲದಿಂದ ಇನ್ನೊಂದು ಜೋಡಿ ತೆಗೆದಳು. ಹಳೆಯ ಕ್ಯಾನ್ವಾಸ್ ಬೂಟು. ಹೆಬ್ಬೆರಳಿನ ಕಡೆ ಚರ್ಮದ ತೇಪೆ, ಅಡಿಯ ರಬ್ಬರು ಸವೆದು ನುಣ್ಣಗಾಗಿತ್ತು.

"ಇದನ್ನು ತರಲಿಕ್ಕೆ ಯಾರು ಹೇಳಿದ್ದು?" ಆಲಿವ್ ಗದರಿದಳು.

"ನೋಬಡಿ, ಮಮ್ಮಿ. ಡ್ಯಾಡಿದು ಅಲ್ವಾ?"

ಬರಿಗಾಲಿನಲ್ಲಿ ಕಳಿಸುವುದಕ್ಕಿಂತ ಇದು ವಾಸಿ ಎಂದು ನೊರ್ಬರ್ಟನೇ ತೊಡಿಸಿದ. ಸಲೀಸಾಗಿ ಕೂತವು. ಆಲಿವ್ ಬಿಳಿ ಚಾದರವನ್ನು ಕೆಳಗೆಳೆದು ಎರಡೂ ಕಾಲು ಮುಚ್ಚಿ, ಅಂಚನ್ನು ಅಡಿಗೆ ಸಿಕ್ಕಿಸಿದಳು. ಹೊರಗೆ ಅವಳ ಜೊತೆ ಕೆಲಸ ಮಾಡುವ ವೈಲೆಟ್ ಕಾಯುತ್ತಿದ್ದಳು. ವೈಲೆಟಳ ಕಣ್ಣಿಗೆ ಆ ಬೂಟು ಬೀಳಬಾರದು. ಗಂಡನ ಹೆಣದ ಮುಂದೆ ನಿಂತು ಇಂಥ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ಅಂಚನ್ನು ಇನ್ನೊಮ್ಮೆ ಬಿಗಿ ಮಾಡಿದಳು.

*

ಬರ್ನಾರ್ಡ್ ಸ್ಟೋರ್ ಇನ್‌ಚಾರ್ಜ್ ಎಂಬುದು ಆಲಿವ್ ಹಬ್ಬಿಸಿದ ಸುದ್ದಿ. ನಿಜವಾಗಿ ಅವನ ಕೆಲಸ ಚೆಂಡು ಒದೆಯುವುದು. ಶುವೈಖ್‌ನ ಟಯರ್ ವ್ಯಾಪಾರಿಯೊಬ್ಬನಿಗೆ ಒಳಾಂಗಣ ಹಾಲ್‌ನಲ್ಲಿ ಆಡುವ ಫುಟ್‌ಬಾಲಿನ ಹುಚ್ಚು. ಸಂಬಳ ಕೊಟ್ಟು ಐದು ಜನರ ತಂಡ ಸಾಕಿದ್ದ. ಅವನ ಗೋದಾಮಿನಲ್ಲಿ ಟಯರ್ ಹೊರುತ್ತಿದ್ದ ಬರ್ನಾರ್ಡ್ ಊಟದ ಬಿಡುವಿನಲ್ಲಿ ರಾಶಿಗಳ ನಡುವಿನ ಓಣಿಯಲ್ಲಿ ಆಡುತ್ತಿದ್ದ. ಚೆಂಡನ್ನು ಗೋಡೆಗೆ ಬಡಿದು, ಅದು ತಿರುಗಿ ಬರುವಷ್ಟರಲ್ಲಿ ಎದುರಿನವನ ಬೆನ್ನ ಹಿಂದೆ ಹೋಗಿ ನಿಂತಿರುತ್ತಿದ್ದ. ಯಜಮಾನ ಅದನ್ನು ನೋಡಿದವನೇ ಅವನನ್ನು ಫಾರ್ವರ್ಡ್ ಮಾಡಿದ. ಆದರೆ ಚೆಂಡು ಒದೆಯುವವನು ಎಂದು ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆಸಲಾಗುತ್ತದೆಯೇ? ಫರಾಶ್ ಎಂದು ಬರೆಸಿದ, ಅಂದರೆ ಆಫೀಸಿನಲ್ಲಿ ಚಹಾ ಕೊಡುವವನು.

ಸ್ಟಾಫ್ ನರ್ಸಿನ ಗಂಡ ಚಡ್ಡಿ ಹಾಕಿಕೊಂಡು ಧಣಿಯ ಮೋಜಿಗೆ ಓಡುತ್ತಾನೆ ಎಂದು ಚರ್ಚಿನಲ್ಲಿ ಹೇಳಿಕೊಳ್ಳಲು ಆಲಿವ್‌ಗೆ ಬಾಯಿ ಬರಲಿಲ್ಲ.

ಒಂದು ರಂಜಾನಿನ ಪಂದ್ಯಾವಳಿಗೆ ಆಸ್ಪತ್ರೆಯವರು ಪ್ರಥಮ ಚಿಕಿತ್ಸೆಗೆಂದು ಅವಳನ್ನೂ ಆಗಷ್ಟೇ ಕೆಲಸಕ್ಕೆ ಸೇರಿದ್ದ ವೈಲೆಟಳನ್ನೂ ಕಳಿಸಿದರು. ಗಂಡನ ಆಟವನ್ನು ಅವಳು ನೋಡಿದ್ದು ಅದೇ ಮೊದಲು. ಅವನು ಗೋಲು ಹೊಡೆದಾಗ ಇಡೀ ಹಾಲ್ "ಬರ್ನಾ, ಬರ್ನಾ" ಎಂದು ಕೂಗಿತು. ಅವಳ ಮೈ ಜುಮ್ಮೆಂದದ್ದು ಸುಳ್ಳಲ್ಲ. ಆಟ ಮುಗಿದ ಮೇಲೆ ಅವನು ಬೆವರು ಸುರಿಸುತ್ತ, ಕುಂಟುತ್ತ, ಬಾಯಿ ತುಂಬ ನಗುತ್ತ ಅವರ ಮೇಜಿಗೇ ಬಂದ.

"ನಿಮ್ಮ ಗುರ್ತದವರಾ?" ವೈಲೆಟ್ ಕೇಳಿದಳು.

"ನಮ್ಮ ಊರಿನವ. ಯಾರೋ," ಎಂದಳು ಆಲಿವ್.

ಬರ್ನಾರ್ಡ್‌ನ ನಗು ನಿಂತಿತು. ಕುರ್ಚಿಯಲ್ಲಿ ಕೂತು ಮೊಣಕಾಲು ಚಾಚಿದ. ಯಾರೋ ಒಬ್ಬನಿಗೆ ಸುತ್ತುವ ಹಾಗೆ ಅವಳು ಬ್ಯಾಂಡೇಜು ಸುತ್ತಿದಳು.

"ಥ್ಯಾಂಕ್ಯೂ ಸಿಸ್ಟರ್," ಎಂದು ಅವನು ಎದ್ದು ಹೋದ.

ಮನೆಯಲ್ಲಿ ಅವನು ಆ ಮಾತೆತ್ತಲಿಲ್ಲ. ಅಂದಿನಿಂದ ಆಟದ ಬೂಟನ್ನು ಮಾತ್ರ ಒಳಗೆ ತರಲಿಲ್ಲ. ಫರ್ವಾನಿಯಾದ ಅವರ ಫ್ಲ್ಯಾಟಿನ ಬಾಗಿಲಾಚೆ, ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಬಿಡುತ್ತಿದ್ದ. ಒಳಗಿಡಿ ಎಂದು ಅವಳೂ ಹೇಳಲಿಲ್ಲ. ಮರುವರ್ಷ ಮೊಣಕಾಲು ಖಲಾಸ್ ಆಯಿತು. ಯಜಮಾನ ಕೆಲಸದಿಂದ ತೆಗೆಯಲಿಲ್ಲ, ಕೈಗೆ ಚಹಾದ ಟ್ರೇ ಕೊಟ್ಟ. ಇಕಾಮಾದ ಸುಳ್ಳು ನಿಜವಾಯಿತು. ಬೂಟು ಅದೇ ಮೂಲೆಯಲ್ಲಿ ಉಳಿಯಿತು.

*

ವ್ಯಾನಿನಲ್ಲಿ ಸೀಟುಗಳ ನಡುವೆ ಪೆಟ್ಟಿಗೆ ಇಟ್ಟು, ಅದರ ಎರಡೂ ಬದಿಗೆ ನಾಲ್ವರು ಕೂತಿದ್ದರು. ಸ್ಮಶಾನದ ದಾರಿಯಲ್ಲಿ ಸೈನಿಕರು ಅಡ್ಡ ಹಾಕಿದರು. ಮೀಸೆ ನರೆತ ಸೈನಿಕನೊಬ್ಬ ಒಳಗೆ ಹತ್ತಿ ಮುಚ್ಚಳ ತೆಗೆಸಿದ. ಬರ್ನಾರ್ಡ್‌ನ ಇಕಾಮಾ ಕೈಗೆ ತೆಗೆದುಕೊಂಡು, ಇವನಿಗೆ ಏನು ಕೆಲಸ ಎಂದು ಅರಬ್ಬಿಯಲ್ಲಿ ಕೇಳಿದ.

ನೊರ್ಬರ್ಟ್ ತನಗೆ ಬರುವಷ್ಟು ಅರಬ್ಬಿಯಲ್ಲಿ ಸ್ಟೋರ್ ಇನ್‌ಚಾರ್ಜ್ ಎಂದ.

"ಇದರಲ್ಲಿ ಫರಾಶ್ ಎಂದಿದೆ," ಎಂದ ಸೈನಿಕ. ಬಂದೂಕಿನ ತುದಿಯಿಂದ ಚಾದರದ ಅಂಚು ಸರಿಸಿದ. ಸೂಟಿನ ಕೆಳಗೆ ಕ್ಯಾನ್ವಾಸ್ ಬೂಟುಗಳು ಹೊರಬಿದ್ದವು. ಅವನ ದನಿ ಗಡುಸಾಯಿತು. "ಒಬ್ಬ ಒಂದು ಹೇಳುತ್ತಾನೆ, ಕಾಗದ ಇನ್ನೊಂದು ಹೇಳುತ್ತದೆ. ಇದು ಯಾರ ಕಾಗದ? ಇವನು ಯಾರು? ಇಳಿಯಿರಿ ಎಲ್ಲರೂ. ಪೆಟ್ಟಿಗೆ ಇಲ್ಲೇ ಇರಲಿ."

ನೊರ್ಬರ್ಟ್ ದಿಕ್ಕುತೋಚದೆ ಆಲಿವ್‌ಳ ಮುಖ ನೋಡಿದ. ಡೆಲ್ಮಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ವೈಲೆಟ್ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಿದ್ದಳು. ಆಲಿವ್‌ಳ ಕಿವಿ ಬಿಸಿಯಾಯಿತು. ಸುಮ್ಮನಿದ್ದರೆ ಬರ್ನಾರ್ಡ್ ಈ ರಸ್ತೆಯಲ್ಲೇ ಉಳಿಯುತ್ತಾನೆ.

"ಲಾಇಬ್," ಎಂದಳು. ಆಟಗಾರ. ಇನ್ನೂ ಗಟ್ಟಿಯಾಗಿ ಮತ್ತೆ ಹೇಳಿದಳು. ಆಮೇಲೆ ಅರಬ್ಬಿಯಲ್ಲೇ, ತಡೆತಡೆದು, ಉಳಿದದ್ದನ್ನೂ ಹೇಳಿದಳು. "ಹಾಲ್‌ನೊಳಗೆ ಫುಟ್‌ಬಾಲು ಆಡುತ್ತಿದ್ದರು. ಫಾರ್ವರ್ಡ್. ಸಂಬಳ ಅದಕ್ಕೇ. ಮೊಣಕಾಲು ಹೋದ ಮೇಲೆ ಚಹಾ ಕೊಡುತ್ತಿದ್ದರು. ಇವರು ನನ್ನ ಗಂಡ."

ಸೈನಿಕ ಬಗ್ಗಿ ಬೂಟಿನ ಅಡಿಯನ್ನು ಬೆರಳಿನಿಂದ ಸವರಿದ. ತೇಪೆಯನ್ನು ನೋಡಿದ. ಇಕಾಮಾವನ್ನು ಅವಳ ಕೈಗೇ ಕೊಟ್ಟು, "ಯಲ್ಲಾ, ಹೊರಡಿ," ಎಂದು ಇಳಿದ.

ವ್ಯಾನು ಹೊರಟಿತು. ನೊರ್ಬರ್ಟ್ ಕಿಟಕಿಯಾಚೆ ನೋಡುತ್ತ ಕೂತ. ಆಲಿವ್ ಚಾದರಕ್ಕೆ ಕೈ ಹಾಕಲಿಲ್ಲ.

"ವೈಲೆಟ್, ಅವತ್ತು ಆ ಹಾಲ್‌ನಲ್ಲಿ..." ಎಂದಳು.

"ನಂಗೆ ಗೊತ್ತುಂಟು ಬಾಯಿ. ಡೆಲ್ಮಾನ ಬರ್ತ್‌ಡೇಗೆ ನಿಮ್ಮ ಮನೆಗೆ ಬಂದೆನಲ್ಲ, ಆಗಲೇ ಗೊತ್ತಾಗಿದೆ."

"ಮತ್ತೆ ಒಂದು ಮಾತು ಯಾಕೆ ಕೇಳಲಿಲ್ಲ? ನಿನಗೆ ಗುರ್ತ ಸಿಗಲಿಲ್ಲ ಅಂತಲೇ ಇದ್ದೆ ನಾನು."

ವೈಲೆಟ್ ತನ್ನ ಕೈಗಳನ್ನು ನೋಡಿಕೊಂಡಳು. "ಅವರೇ ಬೇಡ ಅಂದ್ರು. ಕೇಕಿನ ಪ್ಲೇಟ್ ಕೊಡುವಾಗ ಮೆಲ್ಲಗೆ ಹೇಳಿದ್ರು. ನಿಮಗೆ ನನ್ನ ಗುರ್ತ ಸಿಕ್ಕಿತು ಅಂತ ಆಲಿವ್‌ಗೆ ಗೊತ್ತಾಗುದು ಬೇಡ, ಪಾಪ ಅವಳಿಗೆ ನಾಚಿಕೆ ಆದೀತು ಅಂತ."

*

ಮಣ್ಣು ಕೊಟ್ಟು ಬರುವಾಗ ಸಂಜೆಯಾಗಿತ್ತು. ಲಿಫ್ಟ್ ಕೆಟ್ಟು ಎಷ್ಟೋ ದಿನವಾಗಿತ್ತು, ತಾಯಿ ಮಗಳು ಮೆಟ್ಟಿಲು ಹತ್ತಿದರು. ಮದುವೆಯ ಬೂಟಿದ್ದ ಚೀಲ ಆಲಿವ್‌ಳ ಕೈಯಲ್ಲಿತ್ತು. ಡೆಲ್ಮಾ ಬೀಗ ತೆಗೆದು ಒಳಗೆ ಹೋದಳು.

ಗುಡಿಸುವವರಿಲ್ಲದೆ ಬಾಗಿಲಾಚೆ ಮರಳಿನ ಧೂಳು ಕೂತಿತ್ತು. ಮೂಲೆಯಲ್ಲಿ ಮಾತ್ರ ಧೂಳಿಲ್ಲದ ಎರಡು ಜಾಗ, ಪಕ್ಕಪಕ್ಕದಲ್ಲಿ, ಬೂಟಿನ ಆಕಾರದಲ್ಲಿ.

"ಮಮ್ಮಿ, ಕಮ್ ಇನ್," ಒಳಗಿನಿಂದ ಡೆಲ್ಮಾ ಕರೆದಳು.

ಆಲಿವ್‌ಳ ಚಪ್ಪಲಿ ಯಾವಾಗಲೂ ಒಳಗಿನ ಸ್ಟ್ಯಾಂಡಿನಲ್ಲಿರುತ್ತಿತ್ತು. ಅವಳು ನಿಂತಲ್ಲೇ ಅದನ್ನು ಬಿಚ್ಚಿದಳು. ಬಗ್ಗಿ, ಆ ಎರಡು ಗುರುತು ಅಳಿಯದ ಹಾಗೆ, ಅವುಗಳ ಪಕ್ಕದ ಧೂಳಿನಲ್ಲಿ ಜೋಡಿಸಿಟ್ಟಳು.