ಹೊನ್ನಿಯ ಮರದ ಸೇರು

ರಾಜ್ಯ ಒಂದಾದ ಮರುವರ್ಷ ನಮ್ಮವರಿಗೆ ಸಿದ್ದಾಪುರದ ಕಚೇರಿಗೆ ವರ್ಗವಾಯಿತು. ಆಗ ಮದುವೆಯಾಗಿ ಎಂಟು ತಿಂಗಳು. ನಾನು ಗುಬ್ಬಿ ಬಿಟ್ಟು ಆಚೆ ಕಾಲಿಟ್ಟವಳಲ್ಲ. ಹೋಗುವುದು ಕನ್ನಡದವರ ಊರಿಗೇ ತಾನೆ, ಅದಕ್ಕೇನು ಹೆದರಿಕೆ ಎಂದುಕೊಂಡು ಬಂದೆ. ಮೊದಲ ದಿನವೇ ಕಿರಾಣಿ ಅಂಗಡಿಯವನು ನಾನು ಬಾಯಿಬಿಟ್ಟದ್ದೇ ತಡ, "ಯಾವ ಸೀಮೆಯವ್ರು ನೀವು?" ಎಂದು ಕೇಳಿದ. ಗುಮಾಸ್ತರ ಮನೆಯವಳು ಎಂದೆ. ಇಲ್ಲಿ ಕಾರಕೂನ ಎನ್ನಬೇಕಂತೆ. ರಾಗಿ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದ. ಹೋಗಲಿ, ಕರಿಬೇವಾದರೂ ಕೊಡಿ ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಎಲ್ಲರ ಹಿತ್ತಲಲ್ಲೂ ಬೆಳೆಯುವ ಕರಿಬೇವನ್ನು ಈ ಊರಿನಲ್ಲಿ ಯಾರೂ ಕೊಳ್ಳುವುದಿಲ್ಲವಂತೆ. ನಮ್ಮವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ.

ಪಕ್ಕದ ಮನೆಯ ನೀಲಗಂಗವ್ವ ಬನವಾಸಿ ಕಡೆಯವರು. ಅವರ ಯಜಮಾನರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ನಮ್ಮನ್ನು ಕೈಹಿಡಿದು ನಡೆಸಿದವರು ಅವರೇ. "ಅಕ್ಕಿ ಅಂಗಡ್ಯಾಗ ತಗೋಬ್ಯಾಡ್ರಿ. ಸಂತಿಗೆ ಮನ್ಮನಿ ಊರಿನ ಹೊನ್ನಿ ಬರ್ತಾಳ, ಆಕಿ ಕಡೆ ತಗೋರಿ. ಬಾಳ ನಿಯತ್ತಿನ ಹೆಣ್ಮಗಳು," ಎಂದರು.

ಹೊನ್ನಿಗೆ ನಲವತ್ತರ ಮೇಲಿರಬಹುದು. ಗೋಣಿಯ ಮೇಲೆ ಅಕ್ಕಿ ಸುರಿದುಕೊಂಡು, ಕೈಯಲ್ಲೊಂದು ಮರದ ಸೇರು ಹಿಡಿದು ಕೂತಿರುತ್ತಿದ್ದಳು. ಹಿಡಿದು ಹಿಡಿದು ಅದರ ಮೈ ನುಣುಪಾಗಿತ್ತು. "ನಮ್ಮ ಮಾವ ಕೆತ್ತಿದ್ದು ಅಮ್ಮಾ. ಕೇರಿಗೆಲ್ಲ ಇದ್ರಲ್ಲೇ ಅಳೀತಿದ್ದ," ಎಂದು ಕೇಳದಿದ್ದರೂ ಹೇಳಿದಳು. ಸೇರಿನ ಮೇಲೆ ಗೋಪುರ ಕಟ್ಟಿದ ಹಾಗೆ ತುಂಬಿ ತುಂಬಿ ಹತ್ತು ಸೇರು ಸುರಿದಳು. ನಮ್ಮವರು ಚೀಲ ಹೊತ್ತರು.

ಮನೆಗೆ ಬಂದು ಡಬ್ಬಕ್ಕೆ ತುಂಬುವಾಗ ನನ್ನ ಸೇರಿನಲ್ಲಿ ಅಳೆದೆ. ಅಮ್ಮ ಕೊಟ್ಟು ಕಳಿಸಿದ ಹಿತ್ತಾಳೆ ಸೇರು ಅದು, ಕಂಠದಲ್ಲಿ ಮೈಸೂರು ಸರ್ಕಾರದ ಮುದ್ರೆ ಇತ್ತು. ಎಂಟು ಸೇರಿಗೇ ಚೀಲ ಬರಿದಾಯಿತು. ಇನ್ನೊಮ್ಮೆ ಅಳೆದೆ. ಎಂಟೇ.

"ಬಿಡೇ, ಇಲ್ಲಿನ ಅಳತೆಯೇ ಬೇರೆ ಇರಬಹುದು. ಯಾರನ್ನಾದರೂ ಕೇಳೋಣ," ಎಂದರು ನಮ್ಮವರು.

"ಸೇರು ಅಂದ್ರೆ ಸೇರು. ಹೊಸಬರು ಅಂತ ಟೋಪಿ ಹಾಕಿದ್ದಾಳೆ," ಎಂದೆ. ನೀಲಗಂಗವ್ವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಏಕೆಂದರೆ ನನ್ನದು ತಪ್ಪೆಂದು ಯಾರೂ ಹೇಳುವುದು ನನಗೆ ಬೇಕಿರಲಿಲ್ಲ. ಕರಿಬೇವಿನ ನಗು ಇನ್ನೂ ಕಿವಿಯಲ್ಲೇ ಇತ್ತು.

ಮುಂದಿನ ಸಂತೆಗೆ ಹಿತ್ತಾಳೆ ಸೇರನ್ನು ಚೀಲದಲ್ಲಿಟ್ಟುಕೊಂಡೇ ಹೋದೆ. ಹೊನ್ನಿ ನನ್ನನ್ನು ಕಂಡು ನಕ್ಕು, ಮರದ ಸೇರು ತುಂಬಿದಳು. ನಾನು ನನ್ನ ಸೇರು ಮುಂದಿಟ್ಟೆ. "ಇದಕ್ಕೆ ಹಾಕು." ಹಾಕಿದಳು. ಅಕ್ಕಿ ಕಂಠಕ್ಕೆ ಎರಡು ಬೆರಳು ಕೆಳಗೇ ನಿಂತಿತು. ಅವಳ ಕೈಯಿಂದ ಮರದ ಸೇರು ಕಿತ್ತುಕೊಂಡು ಎತ್ತಿ ಹಿಡಿದೆ. "ನೋಡಿ ಎಲ್ಲರೂ! ಇದರ ಮೇಲೆ ಮುದ್ರೆ ಇದೆಯಾ? ಇದು ಸೇರಂತೆ! ಕಳ್ಳಿ ಇವಳು!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದೆ.

ನಮ್ಮವರು ನನ್ನ ತೋಳು ಹಿಡಿದೆಳೆದರು. ಜನ ಸೇರಿದರು. ಕಾರಕೂನ ಸಾಹೇಬರ ಹೆಂಡತಿ ಎಂದು ಯಾರೋ ಪಿಸುಗುಟ್ಟಿದರು. ಅತ್ತ ಇತ್ತ ಅಕ್ಕಿ ಮಾರುತ್ತಿದ್ದವರು ತಮ್ಮ ತಮ್ಮ ಸೇರುಗಳನ್ನು ಮೆಲ್ಲಗೆ ಗೋಣಿಯಡಿಗೆ ಸರಿಸಿದರು. ಕಚೇರಿಯವರ ತಂಟೆ ಯಾರಿಗೆ ಬೇಕು? ಒಬ್ಬರೂ ತುಟಿ ಬಿಚ್ಚಲಿಲ್ಲ. ಹೊನ್ನಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಮರದ ಸೇರನ್ನು ನನ್ನಿಂದ ಇಸಿದುಕೊಂಡು ಅದರೊಳಗೆ ಇಣುಕಿ ನೋಡಿದಳು. "ಹೌದನ್ರಾ ಅಮ್ಮಾ?" ಎಂದಷ್ಟೇ ಕೇಳಿದಳು.

ಗೆದ್ದ ಜಂಬದಲ್ಲಿ ಮನೆಗೆ ಬಂದು ನೀಲಗಂಗವ್ವನಿಗೆ ಎಲ್ಲವನ್ನೂ ಬಣ್ಣಿಸಿದೆ. ಅವರು ಒಳಗೆ ಹೋಗಿ ತಮ್ಮ ಸೇರು ತಂದರು. ಅದರ ತುಂಬ ಅಕ್ಕಿ ಹಾಕಿ ನನ್ನ ಸೇರಿಗೆ ಸುರಿದರು. ಅದೇ ಎರಡು ಬೆರಳು ಕಡಿಮೆ.

"ಈ ಕಡೆ ಶೇರು ಇಷ್ಟ ನೋಡ್ರಿ, ಎಲ್ಲಾರ ಮನ್ಯಾಗೂ. ನಿಮ್ಮ ಮೈಸೂರು ಸೀಮಿ ಶೇರು ದೊಡ್ಡದು. ಎಂಥಾ ಕೆಲಸ ಮಾಡಿ ಬಂದ್ರಿ!"

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಸಂತೆ ಇನ್ನೂ ಮುಗಿದಿರಲಿಲ್ಲ. "ನಡಿ, ಈಗಲೇ ಹೋಗಿ ಹೇಳಿ ಬರೋಣ," ಎಂದು ನಮ್ಮವರು ಚಪ್ಪಲಿ ಮೆಟ್ಟಿ ನಿಂತರು. ತಲೆನೋವು ಎಂದು ಹೇಳಿ ಮಲಗಿದೆ. ತಲೆನೋವೂ ಇರಲಿಲ್ಲ, ಏನೂ ಇರಲಿಲ್ಲ. ಅಷ್ಟು ಜನರೆದುರು ಮತ್ತೆ ನಿಲ್ಲಲು ನನಗೆ ಮುಖವಿರಲಿಲ್ಲ, ಅಷ್ಟೇ.

ಒಂದು ವಾರ ಅನ್ನ ಸೇರಲಿಲ್ಲ. ಮುಂದಿನ ಸಂತೆಗೆ ಹೋದೆವು. ಹೊನ್ನಿ ಅದೇ ಜಾಗದಲ್ಲಿದ್ದಳು. ಕೈಯಲ್ಲಿ ಯಾರದೋ ತಗಡಿನ ಸೇರು. ಪ್ರತಿ ಸೇರಿಗೂ ಎರಡೆರಡು ಬೊಗಸೆ ಮೇಲೆ ಹಾಕುತ್ತಿದ್ದಳು. ಅವಳ ಮುಂದೆ ಇದ್ದವರೇ ಇಬ್ಬರು.

"ಮರದ ಸೇರು ಎಲ್ಲಿ?" ಎಂದೆ.

"ಒಲೆಗೆ ಹಾಕ್ದೆ ಅಮ್ಮಾ," ಎಂದಳು. "ನಮ್ಮ ಮಾವ ದೇವ್ರಂಥೋನು ಅಂತ ತಿಳ್ಕೊಂಡಿದ್ವಿ. ಅವ ಕೇರಿಗೆಲ್ಲ ಕಮ್ಮಿ ಅಳ್ದು ಹೋಗಿದಾನೆ ಅಂತ ನಂಗೆ ಗೊತ್ತಿರ್ಲ. ನಮ್ಮನೆಯವ್ರು ಈಗ ಅಪ್ಪನ ಹೆಸ್ರೇ ಎತ್ತೂದಿಲ್ಲ."

ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ಹೊನ್ನಿ, ನಿನ್ನ ಸೇರು ಸರಿಯಾಗಿತ್ತು. ನಿನ್ನ ಮಾವ ಮೋಸಗಾರನಲ್ಲ. ನಮ್ಮ ಕಡೆಯ ಸೇರೇ ದೊಡ್ಡದು. ತಪ್ಪು ನನ್ನದು," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಹೊನ್ನಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು. "ನಿಮ್ಮದು ದೊಡ್ಡ ಮನ್ಸು ಅಮ್ಮಾ. ನಂಗೆ ಬೇಜಾರಾಗ್ತದೆ ಅಂತ ಹಿಂಗೆ ಹೇಳ್ತ್ರಿ. ಸರ್ಕಾರದ ಮುದ್ರೆ ಸುಳ್ಳಾಗ್ತದಾ?"

ನಮ್ಮವರು ನನ್ನ ಕಡೆ ನೋಡಿದರು. ಎದ್ದು ನಿಂತು, ಅಂದು ಕೂಗಿದ ಗಂಟಲಲ್ಲೇ ಒಂದು ಸಲ ಕೂಗಿದ್ದರೆ ಸಾಕಿತ್ತು. ಗೋಣಿಯಡಿಯ ಸೇರುಗಳೆಲ್ಲ ಹೊರಗೆ ಬರುತ್ತಿದ್ದವು. ಹತ್ತು ಜನ ತಮ್ಮ ಸೇರು ತಂದು ಅಳೆದು ತೋರಿಸುತ್ತಿದ್ದರು. ಆಗ ಅವಳು ನಂಬುತ್ತಿದ್ದಳು. ಸುತ್ತಲೂ ಜನ. ಕಿರಾಣಿ ಅಂಗಡಿಯವನೂ ಅಲ್ಲೇ ಬದನೆಕಾಯಿ ಆರಿಸುತ್ತಿದ್ದ. ನನಗೆ ಬಾಯಿ ಬರಲಿಲ್ಲ.

ಹೊನ್ನಿ ಬೆನ್ನ ಹಿಂದಿನಿಂದ ಒಂದು ಗಂಟು ತೆಗೆದಳು. "ಮೊದಲ ಸಂತೇಲಿ ನಿಮಗೆ ಕಮ್ಮಿ ಬಿದ್ದ ಅಕ್ಕಿ. ತಪ್ಪಾಯ್ತು ಅಮ್ಮಾ," ಎಂದು ಗಂಟು ಬಿಚ್ಚಿದಳು.

ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ.