ಬಾಗಿಲ ಬಳಿ ಯಾರೂ ನಿಲ್ಲಲಿಲ್ಲ

ಬಾಗಿಲ ಬಳಿ ನಿಂತಿದ್ದ ಆಫೀಸಿನ ಕ್ಯಾಷಿಯರು ಏನನ್ನೋ ನೆನೆಸಿಕೊಂಡು, ಪಕ್ಕದವರನ್ನು ಸರಿಸಿ ಒಳಗೆ ನುಗ್ಗಿ, ಹೆಣದ ಕಾಲ ಬಳಿ ಬಂದು ನಿಂತರು. ಅವರ ಹಿಂದೆಯೇ ಇನ್ನಿಬ್ಬರು ನುಗ್ಗಿದರು. ಹೊಸ್ತಿಲು ಖಾಲಿಯಾಯಿತು. ನಾಲ್ಕು ಕುರ್ಚಿ ಹಿಡಿಸುವ ಹಾಲಿನಲ್ಲಿ ಉಸಿರಾಡಲೂ ಜಾಗವಿಲ್ಲದಂತೆ ಜನ ಒತ್ತಿಕೊಂಡಿದ್ದರು.

ತಪ್ಪು ಅವರದಲ್ಲ, ಹೆಣವಾಗಿ ಮಲಗಿದ್ದವನದು. ನೀರಿನ ಮೀಟರ್ ಓದುತ್ತಾ ಮನೆಮನೆ ಸುತ್ತುತ್ತಿದ್ದ ಮೀಟರಣ್ಣನಿಗೆ ಬ್ಲಾಗ್ ಬರೆಯುವ ಹುಚ್ಚು. ಸಮಾಜಶಾಸ್ತ್ರದ ಬ್ಲಾಗುಗಳನ್ನೆಲ್ಲ ಓದಿ ಓದಿ, ಕೊನೆಗೆ ತಾನೇ ಒಂದು ತೆರೆದು ಕೂತಿದ್ದ. ಕ್ಯೂನಲ್ಲಿ ಯಾರು ಯಾರನ್ನು ಮುಂದೆ ಬಿಡುತ್ತಾರೆ, ಲಿಫ್ಟಿನಲ್ಲಿ ಯಾರು ಯಾರ ಮುಖ ನೋಡುವುದಿಲ್ಲ, ಎಲ್ಲ ಬರೆದ. ಬರೆದದ್ದನ್ನು ಕಂಡಕಂಡವರ ಫೋನಿಗೆ ಕಳಿಸಿ, ಓದಿದಿರಾ ಓದಿದಿರಾ ಎಂದು ಪ್ರಾಣ ತಿನ್ನುತ್ತಿದ್ದ. ಹಾಗಾಗಿ ಸಾವಿನ ಮನೆಯ ಬಗ್ಗೆ ಅವನು ಬರೆದದ್ದನ್ನು ಇಲ್ಲಿದ್ದವರೆಲ್ಲ ಓದಿದ್ದರು. ಬೇಗ ಹೊರಡಬೇಕಾದವರು ಬಾಗಿಲ ಬಳಿ ನಿಲ್ಲುತ್ತಾರೆ. 'ಒಳ್ಳೆ ಮನುಷ್ಯ' ಎಂದವರು ಕೂಡಲೇ ಗಡಿಯಾರ ನೋಡುತ್ತಾರೆ. ಸತ್ತವರಿಗೆ ತೀರ ಹತ್ತಿರದ ಹೆಂಗಸು, ಹೊಸಬರು ಬಂದಾಗಲೆಲ್ಲ ಹೊಸದಾಗಿ ಅಳುತ್ತಾಳೆ. ಅವಳು ಹೇಳುವ ಸಾವಿನ ಕತೆ ಪ್ರತಿಸಲವೂ ಸ್ವಲ್ಪ ಬೆಳೆಯುತ್ತದೆ.

ಗೋಡೆಗೊರಗಿ ಕೂತಿದ್ದ ಅವನ ಹೆಂಡತಿಗೆ ಅಳು ಗಂಟಲವರೆಗೆ ಬರುತ್ತಿತ್ತು. ಯಾರಾದರೂ ಒಳಬಂದ ಕೂಡಲೇ ನುಂಗಿಕೊಳ್ಳುತ್ತಿದ್ದಳು. ಗಂಡನಿಗಾಗಿ ಒಮ್ಮೆ ಮನಸಾರೆ ಅಳುವುದಕ್ಕೂ ಆಗದ ಹಾಗೆ ಮಾಡಿ ಮಲಗಿದ್ದಾನೆ, ಪುಣ್ಯಾತ್ಮ.

"ಅತ್ತಿಗೆ, ಸ್ವಲ್ಪ ಅತ್ತುಬಿಡಿ," ಎಂದು ಪಿಸುಗುಟ್ಟಿದಳು ನಾದಿನಿ. ಅದೇ ಮನೆಯಲ್ಲಿದ್ದು ಅಣ್ಣನ ಬರಹಗಳನ್ನು ತಿದ್ದಿಕೊಡುತ್ತಿದ್ದವಳು ಅವಳೇ.

"ಇವರ ಮುಂದೇನಾ? ನಾನು ಯಾವಾಗ ಶುರು ಮಾಡ್ತೀನಿ ಅಂತ ಎಲ್ಲರೂ ಕಾಯ್ತಾ ಇದಾರೆ."

*

ಬರಹದ ಆ ಹೆಂಗಸು ಮೀಟರಣ್ಣನ ಹೆಂಡತಿಯೇ. ಅವಳ ತಾಯಿ ಸತ್ತ ದಿನ ಅವಳು ಅತ್ತದ್ದನ್ನೆಲ್ಲ ಮೀಟರಣ್ಣ ಮೂಲೆಯಲ್ಲಿ ನಿಂತು ನೋಡಿದ್ದ.

"ಹೆಸರು ಹಾಕಿಲ್ವಲ್ಲೇ," ಅಂದಿದ್ದ.

"ಹೆಸರು ಬೇರೆ ಕೇಡು."

"ಬರೆದಿದ್ದು ಸುಳ್ಳಾ ಹೇಳು."

"ನಿಜಾನೇ. ಅದಕ್ಕೇ ಬರೀಬಾರದಿತ್ತು."

ನಾದಿನಿ ಅಣ್ಣನ ಪರ ನಿಂತಿದ್ದಳು. "ಇದ್ದದ್ದನ್ನ ಇದ್ದ ಹಾಗೇ ಬರೆದಿದಾನೆ ಅತ್ತಿಗೆ. ಒಂದಕ್ಷರ ಸೇರಿಸಿದ್ರೂ ನಾನು ಬಿಡ್ತಿರಲಿಲ್ಲ."

ಅವಳು ಇಬ್ಬರ ಜೊತೆಯೂ ಬಹಳ ದಿನ ಮಾತು ಬಿಟ್ಟಳು. ಅವನು ಆ ಸಾಲು ತೆಗೆಯಲಿಲ್ಲ.

*

ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಮೀಟರಣ್ಣ ಮೀಟರ್ ಓದುತ್ತಿದ್ದ ಬೀದಿಯವಳು; ಫೋನಿಲ್ಲ, ಬ್ಲಾಗೆಂದರೆ ಏನೆಂದೂ ಗೊತ್ತಿಲ್ಲ. ಬಾಗಿಲಲ್ಲೇ ನಿಂತಳು. ಬಿಟ್ಟುಬಂದ ಚಪ್ಪಲಿಯತ್ತ ಒಮ್ಮೆ ತಿರುಗಿ ನೋಡಿದಳು.

"ಒಳ್ಳೆ ಮನುಷ್ಯ," ಎಂದಳು. "ಮೀಟರ್ ನೋಡೋದು ಒಂದು ನಿಮಿಷ, ಮಾತು ಒಂದು ಗಂಟೆ. ನನ್ನ ಸೊಸೇನೂ ನನ್ನ ಅಷ್ಟು ಮಾತಾಡ್ಸಲ್ಲ. ಏನಾಯ್ತು ತಾಯಿ?"

ಕ್ಯಾಷಿಯರು ನೆಲ ನೋಡಿದರು. ಹೆಂಡತಿ ಉತ್ತರ ಕೊಡಲೆಂದು ಬಾಯಿ ತೆರೆದಳು, ಅಳು ಕಟ್ಟೆಯೊಡೆಯಿತು. "ಬೆಳಗ್ಗೆ ಟೈಪ್ ಮಾಡ್ತಾ ಕೂತಿದ್ರು. ನಾನು ಬಚ್ಚಲಲ್ಲಿದ್ದೆ. ಬಂದು ನೋಡಿದ್ರೆ ಕೀಬೋರ್ಡ್ ಮೇಲೆ ತಲೆ ಇಟ್ಟಿದಾರೆ. ಒಂದು ಮಾತೂ ಇಲ್ಲ, ಕತೆಯೂ ಇಲ್ಲ."

ಅವಳು ಅತ್ತದ್ದೇ ತಡ, ಹಾಲಿನ ಬಿಗಿ ಸಡಿಲಿತು. ಯಾರೋ ಮೂಗು ಒರೆಸಿಕೊಂಡರು, ಯಾರೋ ಫೋನ್ ತೆಗೆದರು. ಕ್ಯಾಷಿಯರು ಮೆಲ್ಲಗೆ ಬಾಗಿಲ ಕಡೆ ಸರಿದರು.

ಮೂಲೆ ಅಂಗಡಿಯವನು ಬಂದಾಗ ಅವಳು ಮತ್ತೆ ಅತ್ತಳು. ಈ ಸಲದ ಕತೆಯಲ್ಲಿ ಮೀಟರಣ್ಣ ನೀರು ಕೇಳಿದ್ದ. ನಾದಿನಿ ತಲೆಯೆತ್ತಿದಳು. ಬೆಳಗ್ಗೆ ಅಣ್ಣ ಟೈಪ್ ಮಾಡುತ್ತಿದ್ದಾಗ ಅದೇ ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದವಳು ಅವಳು. ಅಣ್ಣ ನೀರನ್ನೂ ಕೇಳಿರಲಿಲ್ಲ, ಏನನ್ನೂ ಕೇಳಿರಲಿಲ್ಲ.

ಕೊನೆಗೆ ಶವದ ವ್ಯಾನಿನ ಡ್ರೈವರ್ ಇಣುಕಿದ. "ಅಮ್ಮಾ, ಹೊರಡೋಣ್ವಾ?"

"ನಾನು ಬಚ್ಚಲಲ್ಲಿದ್ದೆ ನೋಡಪ್ಪಾ," ಎಂದು ಅವಳು ಅವನಿಗೂ ಹೇಳತೊಡಗಿದಳು. ಗುರುತು ಪರಿಚಯವಿಲ್ಲದ ಆತ ಟೋಪಿ ತೆಗೆದು ನಿಂತುಕೊಂಡ. "ನೀರು ಕೇಳಿದ್ರು. ಆಮೇಲೆ ನನ್ನ ಕೂಗಿದ್ರು. ಕೊನೇಲಿ ನನ್ನೇ ಕೂಗಿದ್ರು. ಅಲ್ವೇನೇ?" ಎಂದು ನಾದಿನಿಯತ್ತ ತಿರುಗಿದಳು.

ನಾದಿನಿ ಪಕ್ಕದಲ್ಲಿ ಕೂತು ಅತ್ತಿಗೆಯ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಎರಡು ಸಲ ಕೂಗಿದ," ಎಂದಳು ಡ್ರೈವರಿಗೆ.