ಉರ್ಸುಲಾ ಹೊಲಿದ ಮಂತ್ರಿ

ಶವಪೆಟ್ಟಿಗೆಯನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸುವಾಗ ಹಂಫ್ರಿಯ ಕಂಕುಳಲ್ಲಿ ಹೊಲಿಗೆ ಚರ್ರೆಂದಿತು.

"ಉರ್ಸುಲಕ್ಕಾ!" ಅಭ್ಯಾಸಬಲದಿಂದ ಕೂಗಿಯೇಬಿಟ್ಟ. ಸೂಜಿ ಹಿಡಿದು ಓಡಿಬರಬೇಕಾದವಳು ಪೆಟ್ಟಿಗೆಯೊಳಗೆ ಮಲಗಿದ್ದಳು.

"ಕರೆದ್ರೆ ಎದ್ದು ಬರ್ತಾಳೇನೋ?" ಹಿಂದೆ ಹೆಗಲು ಕೊಟ್ಟಿದ್ದ ನಟ ಟೋಬಿಯಾಸ್ ಅಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಬೇಗ ಹೆಜ್ಜೆ ಹಾಕ್ರಪ್ಪಾ," ನಾಟಕ ಕಂಪನಿಯ ಯಜಮಾನ ಲ್ಯಾಂಬರ್ಟ್ ಗೊಣಗಿದ. "ಮಧ್ಯಾಹ್ನ ಆಟ ಇದೆ. ಅಷ್ಟರೊಳಗೆ ಮುಂದಿನ ವಾರದ ಹೊಸ ನಾಟಕದ ಪಾರ್ಟು ಹಂಚ್ಬೇಕು."

ಲಂಡನ್ನಿನ ಜನಕ್ಕೆ ದಿನಕ್ಕೊಂದು ಆಟ ಬೇಕು. ಅದರಲ್ಲೂ ಈಗ ಇಟಲಿಯ ದೊರೆಗಳು, ವಿಷ, ರಕ್ತ. ಮೈಗೆಲ್ಲ ಹಿಟ್ಟು ಬಳಿದುಕೊಂಡು ಹಂಫ್ರಿ ಇಷ್ಟು ವರ್ಷ ನಗಿಸಿದ 'ಗಿರಣಿಯವನ ಮದುವೆ' ಮೂಲೆ ಸೇರಿತ್ತು. ಹೊಸದರಲ್ಲಿ ಪಾರ್ಟು ಸಿಗದಿದ್ದರೆ ಕಂಪನಿಯಲ್ಲಿ ಅವನಿಗೇನು ಕೆಲಸ?

*

ಹೋದ ವಾರ ಬಣ್ಣದ ಮನೆಯಲ್ಲಿ ಉರ್ಸುಲಾ ಕೆಮ್ಮುತ್ತಲೇ ಅವನ ಹೊಟ್ಟೆಗೆ ದಾರ ಸುತ್ತಿ ಅಳತೆ ತೆಗೆದಿದ್ದಳು.

"ಹೊಟ್ಟೆ ಒಳಗೆಳ್ಕೋಬೇಡ್ವೋ. ಇದ್ದಷ್ಟು ಇರ್ಲಿ."

"ಯಾವ ವೇಷಕ್ಕಕ್ಕಾ?"

"ಬಾಯಲ್ಲಿ ಸೂಜಿ ಇದೆ, ಮಾತಾಡಿಸ್ಬೇಡ."

ಆಮೇಲೆ ಗೂಟದಲ್ಲಿದ್ದ ಅವನ ಗಿರಣಿ ಕೋಟನ್ನು ಎತ್ತಿಕೊಂಡು ಹೋದಳು. ಕತ್ತರಿಸಿ ಚಿಂದಿ ಮಾಡುತ್ತಾಳೆಂದು ಹಂಫ್ರಿಗೆ ಹೊಟ್ಟೆ ಉರಿಯಿತು. ಆದರೂ ಅವಳ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ? ಒಂದು ಆಟವನ್ನೂ ಮುಂದೆ ಕೂತು ನೋಡಿದವಳಲ್ಲ. ಪರದೆಯ ಹಿಂದೆ ಬಿಟ್ಟ ಹೊಲಿಗೆ ಹಾಕುತ್ತಾ, "ಇವತ್ತು ಕಂಕುಳಲ್ಲೇ ಹರ್ಕೊಂಡಿದೀಯ, ಜನ ಚೆನ್ನಾಗಿ ನಕ್ಕಿರ್ಬೇಕು," ಎಂದು ತಾನೂ ನಗುತ್ತಿದ್ದಳು.

*

ಮಣ್ಣು ಮಾಡಿದವರು ಒಂದೊಂದು ಬಟ್ಟಲು ಬಿಯರು ಕುಡಿದು ಬಣ್ಣದ ಮನೆಗೆ ಬಂದರು. ಹೊಸ ನಾಟಕದ ಮಂತ್ರಿಯ ಪಾರ್ಟು ಬರೆದ ಸುರುಳಿಯನ್ನು ಲ್ಯಾಂಬರ್ಟ್ ಟೋಬಿಯಾಸನಿಗೆ ಕೊಟ್ಟ. ಆದರೆ ಆ ವೇಷಕ್ಕೆಂದು ಉರ್ಸುಲಾ ಕೊನೆಯದಾಗಿ ಹೊಲಿದಿದ್ದ ಕಪ್ಪು ಮಖಮಲ್ಲಿನ ನಿಲುವಂಗಿ ತೊಡಿಸಿದರೆ, ಕಡ್ಡಿಯಂತಿದ್ದ ಟೋಬಿಯಾಸ್ ಅದರೊಳಗೆ ಕಳೆದೇಹೋದ.

"ಇದು ಮಂತ್ರಿನೋ, ಡೇರೆನೋ?" ಯಾರೋ ಕಿಸಕ್ಕೆಂದರು.

"ಬಿಚ್ಚಿ ಹೊಲೀಲಿ..." ಎಂದ ಲ್ಯಾಂಬರ್ಟ್ ಅಲ್ಲಿಗೇ ತಡೆದುಕೊಂಡ. ಹೊಲಿಯುವವಳನ್ನು ಈಗಷ್ಟೇ ಮಣ್ಣಲ್ಲಿಟ್ಟು ಬಂದಿದ್ದರು. ನಾಟಕಕ್ಕಿಂತ ದುಬಾರಿಯಾದ ಮಖಮಲ್ಲಿಗೆ ಬೇರೆ ಯಾರು ಕತ್ತರಿ ಹಾಕಿಯಾರು?

"ಕೊಡಿ ಇಲ್ಲಿ," ಅಂದ ಹಂಫ್ರಿ.

ಹೊಟ್ಟೆಯ ಮೇಲೆ ಗುಂಡಿಗಳೆಲ್ಲ ಸಲೀಸಾಗಿ ಕೂತವು. ಕಂಕುಳಲ್ಲಿ ಒಂದು ಬೆರಳಿನಷ್ಟು ಬಟ್ಟೆ ಹೆಚ್ಚೇ ಇತ್ತು. ಇನ್ನು ಹರಿದರೆ ಹೊಲಿಯಲು ತಾನಿರುವುದಿಲ್ಲ ಎಂದು ಉರ್ಸುಲಾಗೆ ಗೊತ್ತಿತ್ತು.

"ಎಲಾ ಕಿಲಾಡಿ ಮುದುಕಿ!" ಲ್ಯಾಂಬರ್ಟ್ ನಕ್ಕೇಬಿಟ್ಟ. "ಟೋಬಿಯಾಸ್, ನೀನು ವಿಷ ಕುಡಿಯೋ ಅಳಿಯ ಆಗು. ಹಿಡಿಯಯ್ಯಾ ಮಂತ್ರಿ, ನಿನ್ನ ಪಾರ್ಟು. ನಗಿಸಿದ್ರೆ ನೋಡು ಮತ್ತೆ!"

ಸುರುಳಿ ತೆಗೆದುಕೊಳ್ಳಲು ಹಂಫ್ರಿ ತೋಳೆತ್ತಿದ. ತೋಳಿನ ಒಳಪದರ ಇಣುಕಿತು: ಅವನದೇ ಗಿರಣಿ ಕೋಟಿನ ಬಟ್ಟೆ. ಹೊಲಿಗೆಯಿಂದ ಹಳೆಯ ಹಿಟ್ಟು ಧೂಳಾಗಿ ಎದ್ದು ಕಪ್ಪು ಮಖಮಲ್ಲಿನ ಮೇಲೆ ಕೂತಿತು.

ಟೋಬಿಯಾಸ್ ಒರೆಸಲು ಕೈ ಚಾಚಿದ. ಹಂಫ್ರಿ ಆ ಕೈಯನ್ನು ಮೆಲ್ಲಗೆ ಹಿಡಿದು ತಡೆದ.